ರುಚಿ ನೋಡದ ಕಫ್ತಾ

ನಾನು ಮಾಡುವ ಕಫ್ತಾ, ಅಂದರೆ ಕಡ್ಡಿಗೆ ಒತ್ತಿ ಸುಟ್ಟ ಕುರಿ ಕೈಮಾ, ಬಹಳ ಚೆನ್ನಾಗಿರುತ್ತದೆ ಎಂದು ಸ್ವೀಡನ್ನಿನ ನಾರ್‌ಶೋಪಿಂಗಿನ ಅರ್ಧ ಊರು ಹೇಳುತ್ತದೆ. ಅರ್ಧ ಊರೆಂದರೆ ಹನ್ನೊಂದು ಜನ, ಅದರಲ್ಲಿ ಇಬ್ಬರು ನನ್ನ ಗಂಡನ ಆಫೀಸಿನವರು. ಇರಬಹುದು. ನನಗೆ ಗೊತ್ತಿಲ್ಲ, ನಾನು ತಿಂದಿಲ್ಲ. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ನನ್ನ ಗಂಡ ಆಫೀಸಿನ ಪಾರ್ಟಿಯಲ್ಲಿ ಎರಡು ಸಲ ಕೋಳಿ ತಿಂದದ್ದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ. ಅವನು ಹಾಗೆಯೇ ಅಂದುಕೊಂಡಿರಲಿ.

ಬೆಂಗಳೂರಿನಲ್ಲಿ ಒಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟವಳು ನಾನು. ಗಂಡನ ವರ್ಕ್ ಪರ್ಮಿಟ್ಟಿನ ಬಾಲ ಹಿಡಿದು, ಪುಟ್ಟ ಮಗಳನ್ನು ಎತ್ತಿಕೊಂಡು ಸ್ವೀಡನ್ನಿಗೆ ಬಂದೆ, ಪರ್ಸೂನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಪಡೆದೆ, ಕಮ್ಯೂನ್ ಎಂಬ ಇಲ್ಲಿನ ನಗರಸಭೆಯವರು ನಡೆಸುವ ತರಗತಿಯಲ್ಲಿ ಸ್ವೀಡಿಷ್ ಕಲಿತೆ, ಎಪ್ಪತ್ತು ಕಡೆ ಅರ್ಜಿ ಹಾಕಿದೆ. ಎಪ್ಪತ್ತು ಕಡೆಯಿಂದಲೂ ಉತ್ತರ ಬಂತು. ಈ ದೇಶದವರು ಬೇಡ ಎನ್ನುವುದನ್ನೂ ಎಷ್ಟು ಮರ್ಯಾದೆಯಿಂದ ಹೇಳುತ್ತಾರೆಂದರೆ, ಓದಿ ಮುಗಿಸಿದ ಮೇಲೆ ನಾವೇ ಕ್ಷಮೆ ಕೇಳಬೇಕು ಅನ್ನಿಸುತ್ತದೆ. ಎರಡು ವರ್ಷ ಮನೆಯಲ್ಲಿ ಕೂತು ನನಗೆ ನನ್ನ ಮೇಲೇ ರೇಗುವಂತಾಗಿತ್ತು. ಹೀಗಿರುವಾಗ ಟ್ರ್ಯಾಮ್ ನಿಲ್ದಾಣದ ಪಕ್ಕದ ಪುಟ್ಟ ಲೆಬನೀಸ್ ಗ್ರಿಲ್ ಅಂಗಡಿಯ ಬಾಗಿಲಲ್ಲಿ, ಅಡುಗೆಮನೆಗೆ ಜನ ಬೇಕು ಎಂದು ಕೈಬರಹದ ಚೀಟಿ ಕಂಡಿತು. ಒಳಗೆ ಹೋದೆ.

ಅಂಗಡಿಯ ಯಜಮಾನಿಗೆ ಅರವತ್ತರ ಹತ್ತಿರ. ಗಿಡ್ಡ ಆಳು, ದಪ್ಪ ಮಣಿಕಟ್ಟು, ನನ್ನ ಸ್ವೀಡಿಷ್‌ನಷ್ಟೇ ಹರಕು ಸ್ವೀಡಿಷ್. ಆ ಭಾಷೆಯಲ್ಲಿ ದೊಡ್ಡವರಿಗೂ ಚಿಕ್ಕವರಿಗೂ ಏಕವಚನವೇ. ಅಷ್ಟು ವಯಸ್ಸಿನವರನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ, ಆಂಟಿ ಅಂದೆ. ಅವರು ಓದು ಕೇಳಲಿಲ್ಲ, ಅನುಭವ ಕೇಳಲಿಲ್ಲ. ಕೇಳಿದ್ದು ಒಂದೇ, ನಿನ್ನ ನಾಲಿಗೆ ಚೆನ್ನಾಗಿದೆಯಾ ಎಂದು. ನಾನು ನಮ್ಮ ಕಡೆಯವರಂತೆ ತಲೆಯನ್ನು ಆ ಕಡೆ ಈ ಕಡೆ ತೂಗಿದೆ. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಅವರು ಹೌದು ಎಂದೇ ತಿಳಿದುಕೊಂಡರು. ಒಂದು ತಿಂಗಳು ನೋಡುತ್ತೇನೆ, ಸರಿಹೋದರೆ ಕೆಲಸ ಕಾಯಂ ಅಂದರು. ಆ ಒಂದು ತಿಂಗಳು ನನಗೆ ಪರೀಕ್ಷೆಯೇ ಆಯಿತು.

ಮಾಂಸ ತಿನ್ನುವುದಿಲ್ಲವೆಂದು ಅಲ್ಲೇ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಪ್ಪತ್ತು ಸಲ ಬೇಡ ಅನ್ನಿಸಿಕೊಂಡು ನೋಡಿ, ಆಮೇಲೆ ಕೇಳಿ.

ನನಗೊಂದು ಧೈರ್ಯವೂ ಇತ್ತು. ನಮ್ಮಲ್ಲಿ ಹಬ್ಬದ ಅಡುಗೆಯನ್ನು ದೇವರ ಮುಂದಿಡುವ ತನಕ ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಹದಿನಾರು ಬಗೆ ಮಾಡಿದರೂ ಉಪ್ಪು ಹುಳಿ ಖಾರ ಎಲ್ಲವೂ ಕೈ ಅಳತೆ, ಮೂಗಿನ ಲೆಕ್ಕ. ನಮ್ಮಮ್ಮ ಸಾರಿನ ಪಾತ್ರೆಯ ಮುಂದೆ ನಿಂತು ಒಮ್ಮೆ ಉಸಿರೆಳೆದುಕೊಂಡು, ಉಪ್ಪು ಒಂದು ಚಿಟಿಕೆ ಕಡಿಮೆ ಎನ್ನುತ್ತಿದ್ದಳು. ಉಪ್ಪಿಗೆ ವಾಸನೆ ಇಲ್ಲವೆಂದು ಕೆಮಿಸ್ಟ್ರಿ ಹೇಳುತ್ತದೆ. ಕೆಮಿಸ್ಟ್ರಿ ನಮ್ಮಮ್ಮನ ಅಡುಗೆಮನೆಗೆ ಬಂದಿರಲಿಲ್ಲ. ಗಿರಾಕಿಯೇ ದೇವರು ಎಂದು ಅಂಗಡಿಯವರು ಸುಮ್ಮನೆ ಬೋರ್ಡು ಹಾಕಿಕೊಳ್ಳುತ್ತಾರೆ. ನಾನು ನಿಜಕ್ಕೂ ಹಾಗೆ ನಡೆದುಕೊಂಡೆ.

ಕುರಿ ಕೈಮಾ ಮೊದಲ ದಿನ ಕೈಗೆ ತಗುಲಿದಾಗ ಕೈ ಹಿಂದಕ್ಕೆಳೆದುಕೊಂಡೆ, ಸುಳ್ಳು ಹೇಳುವುದಿಲ್ಲ. ಗ್ಲೌಸ್ ಹಾಕಿಕೊಂಡು, ಇದು ಅಕ್ಕಿರೊಟ್ಟಿಯ ಹಿಟ್ಟು, ಇದು ಅಕ್ಕಿರೊಟ್ಟಿಯ ಹಿಟ್ಟು ಎಂದು ಜಪ ಮಾಡುತ್ತ ನಾದಿದೆ. ಮೂರನೆಯ ದಿನಕ್ಕೆ ಜಪ ಬೇಕಾಗಲಿಲ್ಲ. ಈರುಳ್ಳಿ ತುರಿದು ನೀರು ಹಿಂಡಬೇಕು, ಇಲ್ಲವಾದರೆ ಕಡ್ಡಿಯಿಂದ ಮಾಂಸ ಜಾರಿ ಕೆಂಡಕ್ಕೆ ಬೀಳುತ್ತದೆ. ಪಾರ್ಸ್ಲಿ ಸೊಪ್ಪನ್ನು ಸಣ್ಣಗೆ ಹೆಚ್ಚಬೇಕು. ಮೆಣಸು, ಚಕ್ಕೆ, ಇನ್ನೆರಡು ಪುಡಿ, ಉಪ್ಪು. ಕೈಗೆ ಅಂಟುವ ತನಕ ನಾದಿ, ಅಂಗೈ ಒದ್ದೆ ಮಾಡಿಕೊಂಡು, ಅಗಲವಾದ ಕಬ್ಬಿಣದ ಕಡ್ಡಿಗೆ ಉದ್ದಕ್ಕೂ ಒತ್ತಿ, ಬೆರಳಿನ ಗುರುತು ಮೂಡಿಸಿ ಇದ್ದಿಲಿನ ಮೇಲಿಡುವುದು. ಕಡುಬು ಕಟ್ಟಿ ಬೆಳೆದ ಕೈ ನನ್ನದು, ಆಂಟಿಗಿಂತ ನನ್ನ ಕಡ್ಡಿಗಳೇ ನೇರವಾಗಿದ್ದವು. ಅದನ್ನು ಅವರೂ ಒಪ್ಪಿಕೊಂಡರು, ಒಂದೇ ಸಲ.

ಅದರ ಜೊತೆಗೆ ಕೊಡುವ ಎಳ್ಳಿನ ಸಾಸ್ ಮಾತ್ರ ನನ್ನ ರಾಜ್ಯ. ಅದನ್ನು ನೆಕ್ಕಬಹುದಿತ್ತು. ತಹೀನಿ ಎಂಬ ಎಳ್ಳಿನ ಪೇಸ್ಟಿಗೆ ಜಜ್ಜಿದ ಬೆಳ್ಳುಳ್ಳಿ, ನಿಂಬೆರಸ, ಆಮೇಲೆ ನೀರು. ನೀರು ಬಿದ್ದೊಡನೆ ಅದು ಮುನಿಸಿಕೊಂಡು ಗಟ್ಟಿಯಾಗುತ್ತದೆ. ಬಿಡದೆ ತಿರುವುತ್ತಿದ್ದರೆ ಬೆಳ್ಳಗೆ, ಮೃದುವಾಗುತ್ತದೆ. ಮೊದಲ ವಾರ ನಾನು ಅದಕ್ಕೆ ಸಾಸಿವೆ ಒಗ್ಗರಣೆ ಹಾಕಿಬಿಟ್ಟೆ. ಎಳ್ಳು, ಹುಳಿ, ಬೆಳ್ಳುಳ್ಳಿ ಸೇರಿದ ಮೇಲೆ ಒಗ್ಗರಣೆ ಬೇಡವೆಂದು ಯಾರಿಗೆ ಗೊತ್ತಿತ್ತು? ಸಿಡಿದ ಸದ್ದಿಗೆ ಆಂಟಿ ಓಡಿ ಬಂದು, ಫ್ಯೂಸ್ ಹೋಯಿತಾ ಎಂದು ಕೇಳಿದರು. ಒಂದು ಚಮಚ ಬಾಯಿಗಿಟ್ಟುಕೊಂಡು, ಬೈಯದೆ, ಹೇಗಿದೆ ಎಂದು ನನ್ನನ್ನೇ ಕೇಳಿದರು. ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆ ಪಾತ್ರೆ ಪೂರ್ತಿ ನನ್ನ ಗಂಡನ ಪಾಲಾಯಿತು, ನಾಲ್ಕು ದಿನ ದೋಸೆಗೆ ನೆಂಚಿಕೊಂಡ.

ದಿನಾ ಬೆಳಿಗ್ಗೆ ಒಂದು ಶಾಸ್ತ್ರ. ನಾನು ನಾದಿದ ಕೈಮಾದಲ್ಲಿ ಒಂದು ಚೂರನ್ನು ಆಂಟಿ ಬಾಣಲೆಯಲ್ಲಿ ಹುರಿದು, ತಟ್ಟೆಯಲ್ಲಿಟ್ಟು ನನ್ನ ಮುಂದೆ ತಳ್ಳುತ್ತಿದ್ದರು. ಉಪ್ಪು ಸರಿಯಾಗಿದೆಯಾ? ನಾನು ಬೆನ್ನು ತಿರುಗಿಸಿ, ಬಾಯಿಯ ಹತ್ತಿರ ಒಯ್ದು, ಮೂಸಿ, ಟಿಶ್ಯೂವಿನಲ್ಲಿ ಸುತ್ತಿ ಏಪ್ರನ್ನಿನ ಜೇಬಿಗೆ ಇಳಿಸಿ, ತಲೆ ತೂಗುತ್ತಿದ್ದೆ. ಬಾಯಲ್ಲಿ ಒಂದು ಸುಳ್ಳನ್ನೂ ಆಡಲಿಲ್ಲ, ಎಲ್ಲವನ್ನೂ ತಲೆಯಲ್ಲೇ ಆಡಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಅಂಗಡಿಯ ಬಾಗಿಲು ಕಿರ್ರ್ ಅಂದರೂ ನನ್ನ ಕೈ ಏಪ್ರನ್ನಿನ ಜೇಬನ್ನು ಮುಚ್ಚುತ್ತಿತ್ತು.

ನಮ್ಮ ಕಟ್ಟಡದ ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಒಗೆಯುವ ಸರದಿ ಗಂಡನದು. ಒಂದು ಭಾನುವಾರ ಏಪ್ರನ್ನಿನ ಜೇಬಿನಿಂದ ಐದು ಪೊಟ್ಟಣ ತೆಗೆದು ಮೆಷಿನ್ನಿನ ಮೇಲೆ ಸಾಲಾಗಿ ಇಟ್ಟ.

“ಇದೇನೇ, ಎವಿಡೆನ್ಸ್ ಕಲೆಕ್ಟ್ ಮಾಡ್ತಿದ್ದೀಯಾ? ಸುಮ್ನೆ ಹೇಳ್ಬಿಡು. ಇಲ್ಲಿ ವೆಜಿಟೇರಿಯನ್ ಅಂದ್ರೆ ಯಾರೂ ಏನೂ ಅಂದ್ಕೊಳಲ್ಲ.”

ನಿನಗೇನು, ತಿಂಗಳು ತಿಂಗಳು ಕೂತಲ್ಲೇ ಸಂಬಳ ಬರುತ್ತದೆ ಎಂದು ರೇಗಿದೆ. ಅಮ್ಮನಿಗೆ ಫೋನಿನಲ್ಲಿ ನಾನು ಚಟ್ನಿ ವಿಭಾಗದಲ್ಲಿದ್ದೇನೆ ಎಂದು ಹೇಳಿದ್ದೆ. ಚಟ್ನಿಗೇ ಒಂದು ವಿಭಾಗ ಇಟ್ಟಿದ್ದಾರಾ, ಎಷ್ಟು ಮುಂದುವರಿದ ದೇಶ ಎಂದು ಅವಳು ಸಂತೋಷಪಟ್ಟಳು.

ತಿಂಗಳು ಮುಗಿಯಲು ಎರಡು ದಿನವಿತ್ತು. ಮಗಳು ದಾಗಿಸ್ ಎಂಬ ಅವಳ ಶಿಶುವಿಹಾರದಿಂದ ನೆಗಡಿ ತಂದಳು, ನನಗೆ ದಾಟಿಸಿದಳು. ಇಲ್ಲಿ ನೆಗಡಿಯಾದರೆ ಜನ ಮನೆಯಲ್ಲೇ ಇರುತ್ತಾರೆ. ಈಗ ರಜೆ ಹಾಕಿದರೆ ಕೆಲಸ ಹೋದಂತೆ ಎಂದು ಮಾಸ್ಕ್ ಕಟ್ಟಿಕೊಂಡು ಹೋದೆ. ಮೂಗು ಪೂರ್ತಿ ಬಂದ್. ಉಪ್ಪು ಹಾಕಿದೆ, ಮೂಸಿದೆ, ಏನೂ ಗೊತ್ತಾಗಲಿಲ್ಲ. ಕಡಿಮೆಯಾದರೆ ಕಷ್ಟವೆಂದು ಇನ್ನೊಂದು ಮುಷ್ಟಿ ಹಾಕಿದೆ. ಅಂದು ಆಂಟಿ ನಾನು ಬರುವ ಮೊದಲೇ ಉಪ್ಪು ಬೆರೆಸಿದ್ದರೆಂದು ನನಗೆ ಗೊತ್ತಿರಲಿಲ್ಲ. ಎಂದಿನಂತೆ ತಟ್ಟೆ ಬಂತು, ನಾನು ಎಂದಿನಂತೆ ತಲೆ ತೂಗಿದೆ.

ಅಂದು ಗುರುವಾರ. ಪ್ರತಿ ಗುರುವಾರ ಸರಿಯಾಗಿ ಹನ್ನೊಂದೂವರೆಗೆ ಬರುವ ನಿವೃತ್ತ ಸ್ವೀಡಿಷ್ ಮುದುಕರೊಬ್ಬರಿದ್ದರು. ಎರಡು ಕಡ್ಡಿ ಕಫ್ತಾವನ್ನು ಕೊನೆಯ ತುಣುಕಿನ ತನಕ ತಿಂದರು. ಎರಡು ಜಗ್ಗು ನೀರು ಕುಡಿದರು. ಕಣ್ಣೊರೆಸಿಕೊಂಡು, ಇವತ್ತು ಇಂಟರೆಸ್ಟಿಂಗ್ ಆಗಿತ್ತು ಎಂದು ಹೇಳಿ ಹೋದರು. ಸ್ವೀಡನ್ನಿನವರು ಊಟವನ್ನು ಇಂಟರೆಸ್ಟಿಂಗ್ ಅಂದರೆ ಅದಕ್ಕಿಂತ ದೊಡ್ಡ ಬೈಗುಳ ಅವರ ಭಾಷೆಯಲ್ಲಿಲ್ಲ. ಮುಂದಿನ ಮೂವರು ತಟ್ಟೆಯನ್ನು ಅರ್ಧಕ್ಕೇ ಬಿಟ್ಟರು.

ಆಂಟಿ ಬಿಟ್ಟ ತಟ್ಟೆಗಳನ್ನು ನೋಡಿ, ಕೆಂಡದಿಂದ ಒಂದು ತುಣುಕು ತೆಗೆದು ಬಾಯಿಗೆ ಹಾಕಿಕೊಂಡರು. ಅಗಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಏನಾಗಿದೆ ಇದಕ್ಕೆ, ಬೆಳಿಗ್ಗೆ ನೀನು ರುಚಿ ನೋಡಿದೆಯಲ್ಲ ಎಂದು ಕೇಳಿದರು. ಈ ಸಲ ತಲೆ ತೂಗಿ ಪಾರಾಗುವಂತಿರಲಿಲ್ಲ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

“ಆಂಟಿ, ನಾನು ಮಾಂಸ ತಿನ್ನಲ್ಲ. ಒಂದು ದಿನಾನೂ ರುಚಿ ನೋಡಿಲ್ಲ.”

ಹೇಳಿ ಏಪ್ರನ್ನಿನ ದಾರಕ್ಕೆ ಕೈ ಹಾಕಿದೆ. ಅವರು ಈರುಳ್ಳಿ ಚೀಲದ ಮೇಲೆ ಕುಕ್ಕರಿಸಿದರು. ಬೈಗುಳಕ್ಕೆ ಕಾದೆ. ಅವರು ನೆಲ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದರು.

“ನನಗೂ ರುಚಿ ಗೊತ್ತಾಗಲ್ಲ.”

ಆ ದೊಡ್ಡ ಜ್ವರ ಊರೂರಿಗೂ ಬಂದ ವರ್ಷ ಅವರಿಗೂ ಬಂದಿತ್ತಂತೆ. ಎಲ್ಲರಿಗೂ ವಾಪಸು ಬಂದ ರುಚಿ, ವಾಸನೆ ಅವರಿಗೆ ಬರಲೇ ಇಲ್ಲ. ಯಾರಿಗೂ ಹೇಳಿರಲಿಲ್ಲ. ಮಗನಿಗೆ ಹೇಳಿದರೆ ಅಂಗಡಿ ಮುಚ್ಚು ಎನ್ನುತ್ತಾನೆಂಬ ಭಯ. ಅದಕ್ಕೇ ಒಂದು ನಾಲಿಗೆಯನ್ನು ಕೆಲಸಕ್ಕಿಟ್ಟುಕೊಂಡರು. ಆ ನಾಲಿಗೆ ನನ್ನದು.

ಅಂದರೆ ನಾಲ್ಕು ವಾರ ಆ ಅಡುಗೆಮನೆಯಲ್ಲಿ ಕಫ್ತಾದ ರುಚಿಯನ್ನು ಯಾರೂ ನೋಡಿರಲಿಲ್ಲ. ಮೊದಲು ನಕ್ಕವರು ಅವರು. ಆಮೇಲೆ ನಾನು ನಕ್ಕೆ, ಕಟ್ಟಿದ ಮೂಗಿನಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಕೆಮ್ಮು ಬಂತು. ನಗು ನಿಂತಾಗ ಅವರು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಒರೆಸಿದಷ್ಟೂ ಬರುತ್ತಿತ್ತು. ನನಗೆ ನನ್ನ ಕೆಲಸ ಹೋಗುವ ಭಯ ಮರೆತೇಹೋಯಿತು. ಇಷ್ಟು ವರ್ಷ ಸಾವಿರಾರು ಜನಕ್ಕೆ ಉಣಿಸಿದ ಹೆಂಗಸಿಗೆ ತಾನು ಮಾಡಿದ್ದು ಏನೆಂದು ತನಗೇ ತಿಳಿಯದು. ನನಗೆ ಬಹಳ ಸಂಕಟವಾಯಿತು.

ಸಾಸ್ ಆದರೂ ತಿಂದಿದ್ದೀಯಾ ಎಂದು ಕೇಳಿದರು. ಅದನ್ನು ದಿನವೂ ತಿಂದಿದ್ದೇನೆ, ದೇವರಾಣೆ ಎಂದೆ. ಇವತ್ತಿನದು ಹೇಗಿದೆ ಹೇಳು ಎಂದರು. ನೆಗಡಿಗೆ ಮೂಗು ಸತ್ತಿತ್ತೇ ಹೊರತು ನಾಲಿಗೆ ಬದುಕಿತ್ತು. ಚಮಚದಲ್ಲಿ ತೆಗೆದು ನೆಕ್ಕಿದೆ. ಉಪ್ಪು ಹಿತವಾಗಿದೆ, ಹುಳಿ ಇದೆ, ಸ್ವಲ್ಪ ಕಹಿ ಎಂದೆ. ಅದರ ಮುಂದೆ ನನಗೆ ಸ್ವೀಡಿಷ್ ಸಾಲಲಿಲ್ಲ. ಇದ್ದದ್ದು ಒಗರು. ಒಗರಿಗೆ ಆ ಭಾಷೆಯಲ್ಲಿ ಏನನ್ನುತ್ತಾರೋ ನನಗೆ ಯಾರೂ ಕಲಿಸಿರಲಿಲ್ಲ. ಬಾಳೆಕಾಯಿ ಕಚ್ಚಿದ ಹಾಗೆ, ಹಾಲಿಲ್ಲದ ಚಹಾ ಬಹಳ ಕುದಿಸಿ ಕುಡಿದ ಹಾಗೆ, ನಾಲಿಗೆ ಒಳಕ್ಕೆ ಎಳೆದುಕೊಳ್ಳುತ್ತದಲ್ಲ, ಅದು ಎಂದು ಕೈಬಾಯಿ ಎಲ್ಲ ಮಾಡಿ ತೋರಿಸಿದೆ.

ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಬರಿಯ ಬಾಯಿ ಚಪ್ಪರಿಸಿದಂತೆ ತುಟಿ ಅಲ್ಲಾಡುತ್ತಿತ್ತು. ತಮ್ಮ ಭಾಷೆಯಲ್ಲಿ ಒಂದು ಪದ ಹೇಳಿದರು. ಅದೇ ಇರಬೇಕು. ಎಷ್ಟಿದೆ ಅದು, ಮೊದಲು ಬರುತ್ತದಾ ಕೊನೆಗೆ ಬರುತ್ತದಾ ಎಂದು ಕೇಳಿದರು. ಕೊನೆಗೆ ಬರುತ್ತದೆ, ಬಂದದ್ದು ಹೋಗುವುದಿಲ್ಲ, ಗಂಟಲ ತನಕ ಇರುತ್ತದೆ ಎಂದೆ.

ಆಂಟಿ ಕಣ್ಣು ಬಿಟ್ಟರು.

“ಅಷ್ಟು ಹೊತ್ತು ಇರಬಾರದು. ನಿಂಬೆ ಕಡಿಮೆ ಆಗಿದೆ. ಹಿಂಡು, ನಿಂತ್ಕೊಂಡು ಏನ್ ನೋಡ್ತಿದ್ದೀಯಾ?”

ಮತ್ತೊಮ್ಮೆ ನೆಕ್ಕಿ ನೋಡಿದೆ. ಕಡಿಮೆಯೇ ಆಗಿತ್ತು. ಅರ್ಧ ಹೋಳು ಹಿಂಡಿದೆ.