ಓದಿ ಹೇಳಿದವನು

ಸ್ಪೇನಿನವರ ಪಾಠವೆಂದರೆ ನನ್ನ ಕ್ಲಾಸಿನಲ್ಲಿ ನಗು ಗ್ಯಾರಂಟಿ. ಹಾಸನದ ಒಂದು ಕಾಲೇಜಿನಲ್ಲಿ ಚರಿತ್ರೆಯ ಮೇಷ್ಟ್ರು ನಾನು. ಅಮೆರಿಕದ ದಡಕ್ಕಿಳಿದ ಸ್ಪೇನಿನ ಸೈನಿಕರು ಅಲ್ಲಿನ ಮೂಲನಿವಾಸಿಗಳ ಮುಂದೆ ಒಂದು ಪತ್ರ ಓದುತ್ತಿದ್ದರು. ಈ ನೆಲ ಇನ್ನು ನಮ್ಮ ದೊರೆಯದು, ಒಪ್ಪದಿದ್ದರೆ ಹೆಂಡಿರು ಮಕ್ಕಳನ್ನು ಗುಲಾಮರಾಗಿ ಒಯ್ಯುತ್ತೇವೆ, ತಪ್ಪು ನಿಮ್ಮದೇ ಅಂತ. ಕೇಳುವವರಿಗೆ ಆ ಭಾಷೆಯ ಒಂದಕ್ಷರ ಬಾರದು. ಜನ ಓಡಿಹೋದ ಖಾಲಿ ಗುಡಿಸಲುಗಳಿಗೂ ಓದಿದ್ದುಂಟು. ಓದಿದ್ದಾಯಿತು ಅಂತ ಗುಮಾಸ್ತ ಬರೆದುಕೊಂಡರೆ ಕತ್ತಿ ಹಿರಿಯಬಹುದಿತ್ತು. ನಾನು ಹಾಜರಿ ಪುಸ್ತಕವನ್ನೇ ಪತ್ರವೆಂದು ಹಿಡಿದು ಗಂಟಲು ದಪ್ಪ ಮಾಡಿ ಓದಿ ತೋರಿಸುತ್ತಿದ್ದೆ. ಹುಡುಗರು ಬೆಂಚು ಕುಟ್ಟಿ ನಗುತ್ತಿದ್ದರು.

ಮೊದಲ ವರ್ಷದ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಕಟ್ಟಾಯದ ಕಡೆಯವಳು, ನಮ್ಮೂರಿರುವುದೂ ಅಲ್ಲೇ. ಕ್ಲಾಸು ಬಿಟ್ಟ ಮೇಲೆ ಹಳೆಯ ಜಮೀನು ಪತ್ರವೊಂದರ ಜೆರಾಕ್ಸ್ ಪ್ರತಿಯನ್ನು ಮೇಜಿನ ಮೇಲಿಟ್ಟಳು.

“ಓದಿ ಏಳಿದೋರು ಅಂತ ಸೈನ್ ಆಕಿರೋದು ನೀವೇ ಅಲ್ವಾ ಸಾ? ಎಬ್ಬೆಟ್ಟು ನಮ್ಮಜ್ಜೀದು.”

ನಾನೇ. ಎಂ.ಎ. ಮುಗಿಸಿ ಮನೆಯಲ್ಲಿದ್ದ ಕಾಲ. ನಮ್ಮ ಹೊಲಕ್ಕೆ ಅಂಟಿಕೊಂಡಂತೆ ಆ ಅಜ್ಜಿಯ ಒಂದು ತುಂಡು ಜಮೀನಿತ್ತು. ನಾಲೆ ನೀರಿಗೆ ಅರ್ಜಿ ಹಾಕಬೇಕು ಅಂತ ಸುಳ್ಳು ಹೇಳಿ ನಮ್ಮಣ್ಣ ಅವಳನ್ನು ರಿಜಿಸ್ಟ್ರಾರ್ ಆಫೀಸಿಗೆ ಕರೆತಂದ. ಪತ್ರ ಮಾತ್ರ ಕ್ರಯದ್ದು. ಓದು ಬಾರದವರು ಹೆಬ್ಬೆಟ್ಟು ಒತ್ತುವ ಮುಂಚೆ ಒಬ್ಬರು ಪತ್ರ ಓದಿ ಹೇಳಿ ಸಹಿ ಹಾಕುವುದು ಪದ್ಧತಿ. ಅಣ್ಣ ಅದನ್ನು ನನ್ನ ಕೈಗೆ ಕೊಟ್ಟ. ‘ಸದರಿ ಸ್ವತ್ತಿನ ನಿಧಿ ನಿಕ್ಷೇಪ ಜಲ ತರು ಪಾಷಾಣ’ ಎಂದೆಲ್ಲ ರಾಗವಾಗಿ ಓದಿದೆ. ನಿನ್ನ ನೆಲ ಹೋಗುತ್ತಿದೆ ಅಂತ ಅವಳ ಮಾತಿನಲ್ಲಿ ಹೇಳಲಿಲ್ಲ. ಗೊತ್ತಿದ್ದೂ ಹೇಳಲಿಲ್ಲ.

“ಪುರಾಣ ಓದ್ದಂಗೆ ಓದ್ತರೆ ನಮ್ ಚಿಕ್ಕೆಜಮಾನ್ರು!” ಅಂತ ಅವಳು ಖುಷಿಯಿಂದ ಹೆಬ್ಬೆಟ್ಟು ಚಾಚಿದಳು. ಹೇಳಿಕೊಳ್ಳಲು ನಾಚಿಕೆ, ಆದರೆ ನನಗೆ ಹೆಮ್ಮೆಯಾಗಿತ್ತು. ಆ ಮುಂಗಾರಿಗೆ ಅಣ್ಣ ಬೇಲಿ ಕಿತ್ತು ಆಲೂಗಡ್ಡೆ ಹಾಕಿಸಿದ. ಅಜ್ಜಿ ತನ್ನ ನೆಲದಲ್ಲೇ ಕೂಲಿಗೆ ಗಡ್ಡೆ ಬಗೆದಳು. ಅಣ್ಣನಿಗೆ ಶಾಪ ಹಾಕಿದಳು, ನನಗೆ ಹಾಕಲಿಲ್ಲ. ಅಲ್ಲಿಂದ ವರ್ಷಕ್ಕೊಂದು ಮೂಟೆ ನನ್ನ ಮನೆಗೂ ಬರುತ್ತದೆ. ಆಲೂಗಡ್ಡೆಯೂ ಸ್ಪೇನಿನವರು ಗೆದ್ದ ಬೆಟ್ಟಗಳಿಂದ ಬಂದದ್ದು ಅಂತ, ಅದನ್ನು ತಿಂದ ಬಾಯಲ್ಲೇ ಪಾಠ ಹೇಳುತ್ತೇನೆ.

“ಕೇಸ್ ಆಕಿದ್ದೀವಿ ಸಾ. ಅಜ್ಜಿಗೆ ತಿಳಿಯಂಗೆ ಏಳ್ನಿಲ್ಲ ಅಂತ ನೀವೊಂದ್ ಮಾತಂದ್ರೆ ಸಾಕು, ನೆಲ ವಾಪಸ್ ಬತ್ತದೆ.”

“ನೋಡೋಣಮ್ಮ” ಅಂದೆ. ನಮ್ಮಂಥವರಿಗೆ ಬಹಳ ಅನುಕೂಲದ ಮಾತು ಅದು.

ಕೋರ್ಟಿನಲ್ಲಿ ಮೊದಲು ಅಜ್ಜಿಯನ್ನು ನಿಲ್ಲಿಸಿದರು. ನಮ್ಮಣ್ಣನ ಕಡೆಯ ವಕೀಲರು ನನ್ನತ್ತ ಕೈ ತೋರಿಸಿ, ಇವರು ಓದಿ ಹೇಳಿದ್ದು ಹೌದೋ ಅಲ್ಲವೋ ಅಂತ ಕೇಳಿದರು. ಅಜ್ಜಿ ನನ್ನನ್ನು ಕಂಡದ್ದೇ ಕೈಮುಗಿದಳು.

“ಓದಿದ್ರು ಸ್ವಾಮಿ. ಒಂದಕ್ಷರ ಬುಡ್ನಿಲ್ಲ. ಅವ್ರು ಮೋಸ ಮಾಡೋ ಪೈಕಿ ಅಲ್ಲ ಕಣಪ್ಪ.”

ಓದಿ ಹೇಳಿದ್ದು ನಿಜ ಅಂತ ಟೈಪಾಯಿತು. ಮೊಮ್ಮಗಳು ತಲೆ ತಗ್ಗಿಸಿದಳು. ನನ್ನ ಸರದಿ ಬಂದಾಗಲೂ ಬಾಯಿಬಿಟ್ಟು ನಿಜ ಹೇಳಬಹುದಿತ್ತು. “ಹೌದು, ಪೂರ್ತಿ ಓದಿದೆ” ಅಂದು ಇಳಿದು ಬಂದೆ. ಕೇಸು ವಜಾ ಆಯಿತು.

ಈಗ ಅವಳು ಕೊನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಅದೇ ಪಾಠದ ಮುಂದಿನ ಭಾಗ. ಸೋತವರ ಮಕ್ಕಳು ಗೆದ್ದವರ ಅಕ್ಷರ ಕಲಿತು, ತಮಗಾದ ಅನ್ಯಾಯವನ್ನು ಅದರಲ್ಲೇ ಬರೆದರು, ಅದೇ ದೊಡ್ಡ ಸಾಹಿತ್ಯವಾಯಿತು ಅಂತ ಹೇಳುತ್ತಿದ್ದೆ. ಈ ಸಲ ಯಾರನ್ನೂ ನಗಿಸಲಿಲ್ಲ. ಅವಳು ಎದ್ದು ನಿಂತಳು.

“ಆ ಪತ್ರ ಓದ್ದೋರ ಎಸ್ರು ಉಳ್ಕಂಡದಾ ಸಾ?”

“ಬಹಳ ಜನರದ್ದು ಉಳಿದಿಲ್ಲಮ್ಮ.”

“ನಮ್ಮೂರಲ್ ಓದ್ದೋರ್ದು ನಾನ್ ಬರ್ಕತೀನಿ ಬುಡಿ ಸಾ” ಅಂದು ಕೂತು, ಪೆನ್ನಿನ ಮುಚ್ಚಳ ತೆಗೆದಳು.