ಬೆಳ್ಳಿ ಬಣ್ಣದ ಟ್ರೇಲರಿಗೆ ನೀಲಿ ಸುರಿದ ದಿನ

ದುಡ್ಡು ಕೊಟ್ಟವಳು ನಾನು, ಸಹಿ ಹಾಕಿದವಳು ನಾನು. ಸೇಲ್ಸ್‌ಮನ್ ಮಾತ್ರ ಟ್ರೇಲರಿನ ಕೀಲಿಯನ್ನು ನನ್ನ ಗಂಡನ ಕೈಗೆ ಕೊಟ್ಟ. ಕೊಟ್ಟವನು ಬೆನ್ನು ತಟ್ಟಿ "ಎಂಜಾಯ್ ಇಟ್, ಸರ್" ಅಂದ. ಇವರು ನಕ್ಕು ಥ್ಯಾಂಕ್ಸ್ ಹೇಳಿದರು. ಅವತ್ತು ಶುರುವಾದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇವರು ಡ್ರೈವ್ ಮಾಡುವುದೇ ಅಪರೂಪ. ನ್ಯೂಜರ್ಸಿಯ ವೆಸ್ಟ್ ವಿಂಡ್ಸರಿನ ನಮ್ಮ ಮನೆಯಿಂದ ಸ್ಟೇಷನ್ನಿಗೆ ನಡೆದು, ಮ್ಯಾನ್‌ಹಟನ್ ರೈಲು ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಇವರ ಕಮ್ಯೂಟ್ ಮುಗಿಯಿತು. ದಿನಾ ಬ್ರಿಡ್ಜ್‌ವಾಟರಿಗೆ ಕಾರು ಓಡಿಸುವವಳು ನಾನು. ಹಿಮ ಬೀಳಲಿ, ಟ್ರಾಫಿಕ್ ನಿಲ್ಲಲಿ, ಸ್ಟಿಯರಿಂಗ್ ಹಿಡಿಯುವುದು ನನ್ನ ಕೈ. ಆದರೂ ಹಾಸಿಗೆ, ಒಲೆ, ಟಾಯ್ಲೆಟ್ ಎಲ್ಲ ಇರುವ ಆ ಗಾಲಿಮನೆ ಟ್ರೇಲರನ್ನು ಕಾರಿಗೆ ಹೇಗೆ ಕೊಂಡಿ ಹಾಕಬೇಕು, ರಿವರ್ಸ್ ಹೇಗೆ ತೆಗೆಯಬೇಕು ಅನ್ನುವ ಪಾಠವೆಲ್ಲ ಇವರಿಗೇ ಆಯಿತು. ಇವರು ಏನೂ ಅರ್ಥವಾಗದ ಮುಖದಲ್ಲಿ ತಲೆಯಾಡಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಕಲಿತುಕೊಂಡೆ. ಕೊನೆಗೆ ಕಾರಿನ ಡ್ರೈವರ್ ಬಾಗಿಲು ತೆಗೆದು ನಾನು ಕೂತಾಗ ಆ ಸೇಲ್ಸ್‌ಮನ್ "ಓಹ್" ಅಂದ. ಅಷ್ಟೇ.

ಆ ಟ್ರೇಲರ್ ನನಗೆ ಬೇಕಾಗಿ ಬಹಳ ವರ್ಷಗಳಾಗಿದ್ದವು. ಈ ದೇಶಕ್ಕೆ ಬಂದ ಹೊಸದರಲ್ಲಿ, ಅಕ್ಟೋಬರಿನ ಒಂದು ಭಾನುವಾರ, ಎಲೆ ಕೆಂಪಾಗುವುದನ್ನು ನೋಡಲು ಪೆನ್ಸಿಲ್ವೇನಿಯಾ ಗಡಿಯ ಕಡೆಗೆ ಹೊರಟಿದ್ದೆವು. ಸೆಕೆಂಡ್ ಹ್ಯಾಂಡ್ ಕಾರು, ಹಿಂದಿನ ಸೀಟಿನಲ್ಲಿ ಅಳುವ ಕೂಸು. ನಮ್ಮ ಮುಂದೆ ಒಂದು ಟ್ರೇಲರ್ ಹೋಗುತ್ತಿತ್ತು. ಮೂಲೆಗಳೇ ಇಲ್ಲದ ಹಾಗೆ ಗುಂಡಗೆ, ಮೈತುಂಬ ಸಾಲು ರಿವೆಟ್, ಥಳಥಳ ಹೊಳೆಯುವ ಅಲ್ಯೂಮಿನಿಯಂ. ಅದರ ಬೆನ್ನಿನ ಮೇಲೆ ಇಡೀ ಕಾಡು, ಕೆಂಪು ಹಳದಿ ಎಲ್ಲ ಸೇರಿ, ಹರಿದುಹೋಗುತ್ತಿತ್ತು. ಕೂಸು ಕೂಡ ಅಳು ನಿಲ್ಲಿಸಿ ನೋಡಿತು. "ಇಂಥದ್ದೊಂದು ಬೇಕು ರೀ" ಅಂದೆ. "ಮೊದಲು ಗ್ರೀನ್ ಕಾರ್ಡ್ ಬರಲಿ" ಅಂದರು ಇವರು.

ಗ್ರೀನ್ ಕಾರ್ಡ್ ಬಂತು, ಮನೆ ಬಂತು, ಮಗಳು ಓದಿ ಮುಗಿಸಿ ನ್ಯೂಯಾರ್ಕಿನಲ್ಲಿ ಗೂಡಿನಂಥ ಅಪಾರ್ಟ್‌ಮೆಂಟ್ ಸೇರಿಕೊಂಡಳು. ನಾನು ಕೆಲಸ ಮಾಡುವ ಔಷಧ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಾಗ ನನ್ನ ಷೇರುಗಳಿಗೆ ಒಳ್ಳೆಯ ಬೆಲೆ ಬಂತು. ಆಗ ಕೊಂಡೆ.

ಕೊಂಡ ಸುದ್ದಿ ತಿಳಿದ ಕೂಡಲೆ ಮೊದಲು ಫೋನ್ ಮಾಡಿದವರು ಇವರ ಗೆಳೆಯರೊಬ್ಬರು. ಧಾರವಾಡದವರು, ಸಿವಿಲ್ ಎಂಜಿನಿಯರ್, ಇಪ್ಪತ್ತು ನಿಮಿಷದ ದೂರದಲ್ಲಿ ಮನೆ. ಅವರ ಹತ್ತಿರ ಆಗಲೇ ಒಂದು ಸಾಧಾರಣ ಟ್ರೇಲರ್ ಇತ್ತು. ಬಿಳಿ, ಚೌಕ, ಬೆಂಕಿಪೊಟ್ಟಣದ ಆಕಾರ. ಅದನ್ನವರು ಹೆಮ್ಮೆಯಿಂದ 'ಡಬ್ಬಿ' ಅನ್ನುತ್ತಿದ್ದರು.

"ಏನ್ರೀ ವೈನಿ, ಅರ್ಧ ರೊಕ್ಕ ಬರೇ ಹೊಳಪಿಗೆ ಕೊಟ್ಟೀರಿ ನೋಡ್ರಿ. ವರ್ತ್ ಅನಸ್ತದೇನು?"

ಅವರೊಬ್ಬರೇ ಅಲ್ಲ. ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆಗೆ ಕ್ಯೂ ನಿಂತಾಗ, ಯಾರದೋ ಮಗುವಿನ ಹುಟ್ಟುಹಬ್ಬದಲ್ಲಿ, ಕನ್ನಡ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಇದೇ ಪ್ರಶ್ನೆ. ವರ್ತ್ ಇಟ್ಟಾ? ಅದೇ ಸೌಕರ್ಯ ಇರುವ ಬೇರೆಯದು ಅರ್ಧ ಬೆಲೆಗೆ ಬರುತ್ತಲ್ಲ? ಬಾಡಿಗೆಗೆ ತಗೊಂಡಿದ್ದರೆ ಆಗುತ್ತಿರಲಿಲ್ಲವೆ? ಹೀಗೆ ಕೇಳಿದವರಲ್ಲಿ ಒಬ್ಬರಾದರೂ ಒಳಗೆ ಹತ್ತಿ ನೋಡಲಿಲ್ಲ.

ಮೊದಲ ಟ್ರಿಪ್ ಮೇ ತಿಂಗಳ ಲಾಂಗ್ ವೀಕೆಂಡಿಗೆ, ದಕ್ಷಿಣ ಜರ್ಸಿಯ ಸಮುದ್ರದ ಹತ್ತಿರ, ಟ್ರೇಲರ್ ನಿಲ್ಲಿಸಿ ತಂಗುವ ಒಂದು ಕ್ಯಾಂಪ್‌ಗ್ರೌಂಡಿಗೆ. ಗೆಳೆಯರೂ ಅವರ ಹೆಂಡತಿಯೂ ಡಬ್ಬಿ ತಂದು ನಮ್ಮ ಪಕ್ಕದ ಸೈಟಿನಲ್ಲೇ ನಿಲ್ಲಿಸಿದ್ದರು. ಶುಕ್ರವಾರ ಸಂಜೆ ನನ್ನ ಜೀವನದ ಒಳ್ಳೆಯ ಸಂಜೆಗಳಲ್ಲಿ ಒಂದು. ವಾಕಿಂಗ್ ಹೊರಟಿದ್ದ ಅಮೆರಿಕನ್ ಮುದುಕ ಮುದುಕಿ ನಿಂತು, ಒಳಗೆ ನೋಡಬಹುದೇ ಅಂತ ಕೇಳಿದರು. ನೋಡಿ, "ಬ್ಯೂಟಿಫುಲ್" ಅಂತ ನನ್ನ ಕೈ ಕುಲುಕಿದರು.

ಶನಿವಾರ ಮಧ್ಯಾಹ್ನ ಮಳೆ ಬಂತು. ಅಂಥ ದೊಡ್ಡ ಮಳೆಯೇನಲ್ಲ. ಹಿಂದಿನ ಹಾಸಿಗೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದೆ. ಕಾಲುಚೀಲ ಒದ್ದೆಯಾಯಿತು. ಹಾಸಿಗೆ ಎತ್ತಿದರೆ ಮೂಲೆಯ ಹಲಗೆ ನೆನೆದು ಕಪ್ಪಾಗಿತ್ತು, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಅಂದರೆ ಇದು ಅವತ್ತಿನ ನೀರಷ್ಟೇ ಅಲ್ಲ. ಡೀಲರ್‌ನ ಅಂಗಳದಲ್ಲಿ ನಿಂತಾಗಿನಿಂದಲೂ ನೀರು ಒಳಗೆ ಇಳಿಯುತ್ತಿತ್ತು.

ಗೆಳೆಯರು ಕೊಡೆ ಹಿಡಿದು ಬಂದು, ಬಗ್ಗಿ, ಹೆಬ್ಬೆರಳಿನಿಂದ ಹಲಗೆ ಒತ್ತಿ ನೋಡಿದರು.

"ವೈನಿ, ನಮ್ಮ ಡಬ್ಬಿ ಒಳಗ ಒಂದು ಹನಿ ಇಲ್ಲ ನೋಡ್ರಿ."

ಹಿಂದೆ ಮಿರ್ಚಿ ಭಜಿಯ ತಟ್ಟೆ ಹಿಡಿದು ನಿಂತಿದ್ದ ಅವರ ಹೆಂಡತಿ "ನೀವು ಸುಮ್ನ ಇರ್ರಿ" ಅಂತ ಗದರಿದರು. ಇವರೋ, ನನ್ನ ಗಂಡ, "ಅವನು ಹೇಳೋದೂ ಸರಿನೇ ಅಲ್ವಾ" ಅಂದರು. ನಾನು ಟವೆಲ್ ತಂದು ನೀರು ಒರೆಸಿದೆ. ಭಜಿ ತಿನ್ನಲಿಲ್ಲ.

ಮುಂದಿನ ವಾರ ಟ್ರೇಲರನ್ನು ಡೀಲರ್ ಹತ್ತಿರ ಎಳೆದುಕೊಂಡು ಹೋದೆ. ಇವರೂ ರಜೆ ಹಾಕಿ ಬಂದರು. ಸರ್ವಿಸ್ ಮ್ಯಾನೇಜರ್ ಒಳಗೆ ಬಂದು ಗೋಡೆಯ ಮೇಲೆ ಅಂಗೈ ಆಡಿಸಿ, ಇವರ ಕಡೆ ತಿರುಗಿ, ಇದು ಲೀಕ್ ಅಲ್ಲ, ಕಂಡೆನ್ಸೇಷನ್ ಅಂದ. ನೀವು ಇಂಡಿಯನ್ನರು ಅಡುಗೆ ಜಾಸ್ತಿ ಮಾಡುತ್ತೀರಿ ಅಲ್ಲವೆ, ಅನ್ನ ಕುದಿಸುವುದು, ಕರಿ ಕುದಿಸುವುದು, ಆ ಹಬೆಯೆಲ್ಲ ಗೋಡೆಗೆ ಕೂತು ಇಳಿಯುತ್ತದೆ ಅಂತ ನಗುತ್ತ ವಿವರಿಸಿದ.

ಇವರು ತಲೆಯಾಡಿಸಿದರು. "ಯೆಸ್, ಶಿ ಕುಕ್ಸ್ ಎವ್ರಿ ಡೇ" ಅಂದರು.

ಆ ಟ್ರಿಪ್ಪಿಗೆ ನಾನು ಚಪಾತಿ, ಪುಳಿಯೋಗರೆ ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದೆ. ಕುಕ್ಕರನ್ನು ಕಪಾಟಿನಿಂದ ಕೆಳಗಿಳಿಸಿಯೂ ಇರಲಿಲ್ಲ. ಹಾಗೆಂದು ಹೇಳಿದೆ. "ವಾಟರ್ ಈಸ್ ಟ್ರಿಕಿ, ಮ್ಯಾಮ್" ಅಂತ ಹೇಳಿ ಅವನು ಬಾಗಿಲಿನ ಕಡೆ ನಡೆದ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ಆ ಟ್ರೇಲರಿನಲ್ಲಿ ನಾನು ಏನು ಬೇಯಿಸಿದೆ ಹೇಳಿ."

"ಕಾಫಿ ಮಾಡಿದ್ಯಲ್ಲ."

"ಎರಡು ಲೋಟ ಕಾಫಿಗೆ ಹಲಗೆ ಕೊಳೆಯುತ್ತಾ?"

"ಅದಲ್ಲ ಕಣೇ, ಅವರ ಹತ್ರ ಜಗಳ ಆಡಿದ್ರೆ ಕೆಲಸ ಆಗಲ್ಲ. ಸ್ವಲ್ಪ ಫ್ರೆಂಡ್ಲಿಯಾಗಿರೋಣ ಅಂತ..."

"ನೀವು ಫ್ರೆಂಡ್ಲಿಯಾಗಿರಿ. ನನ್ನ ಅಡುಗೆಯನ್ನ ಯಾಕೆ ಮಧ್ಯಕ್ಕೆ ತಂದ್ರಿ?"

ಇವರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು.

ನನ್ನ ಕೆಲಸ ಏನೆಂದು ಹೇಳಬೇಕು. ಇಂಜೆಕ್ಷನ್ ಔಷಧ ತುಂಬುವ ಪುಟ್ಟ ಬಾಟಲಿಗಳ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸುವ ಲ್ಯಾಬ್ ನನ್ನದು. ಬಾಟಲಿಗಳನ್ನು ನೀಲಿ ಬಣ್ಣದ ನೀರಿನಲ್ಲಿ ಮುಳುಗಿಸಿ, ಒತ್ತಡ ಹಾಕಿ, ತೆಗೆದು ನೋಡುತ್ತೇವೆ. ಒಳಗೆ ನೀಲಿ ಸುಳಿದರೆ ಬ್ಯಾಚ್ ನಿಂತಿತು. ದೊಡ್ಡ ಬಾಸ್‌ಗಳು ನನ್ನ ತಲೆಯ ಮೇಲೆ ನಿಂತು ಅವಸರ ಮಾಡಿದಾಗಲೂ ಬ್ಯಾಚ್ ನಿಲ್ಲಿಸಿದ್ದೇನೆ. ಅಂಥವಳಿಗೆ ಆ ಮ್ಯಾನೇಜರ್ ಅನ್ನದ ಹಬೆಯ ಕಥೆ ಹೇಳುತ್ತಾನೆ.

ಎಡಿಸನ್ನಿನ ಇಂಡಿಯನ್ ಅಂಗಡಿಯಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ ಸಿಗುತ್ತದೆ. ನಾಲ್ಕಾರು ಬಾಟಲಿ ತಂದೆ. ಶನಿವಾರ ಬೆಳಿಗ್ಗೆ ಡ್ರೈವ್‌ವೇಯಲ್ಲಿ ಟ್ರೇಲರಿನ ಹಿಂದೆ ಏಣಿ ಹಾಕಿ, ಬಕೆಟ್ಟಿನಲ್ಲಿ ನೀಲಿ ಕಲಸಿಕೊಂಡು ಹತ್ತಿದೆ. ಟಾರ್ಚನ್ನೂ ವಿಡಿಯೊ ತೆಗೆಯಲು ನನ್ನ ಫೋನನ್ನೂ ಕೊಟ್ಟು ಇವರನ್ನು ಒಳಗೆ ಕೂರಿಸಿದೆ. ಮೂಲೆಯಲ್ಲಿ ಬಿಳಿ ಟವೆಲ್ ಹಾಸಿದ್ದೆ. ಎಲ್ಲ ಕಡೆ ಒಟ್ಟಿಗೆ ಸುರಿದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜಾಗ. ಮೊದಲು ಕೆಳಗಿನ ಜೋಡಣೆ, ಆಮೇಲೆ ದೀಪ, ಆಮೇಲೆ ಕಿಟಕಿ. ಒಂದೊಂದಕ್ಕೂ ಕಾದೆ. ಏನೂ ಆಗಲಿಲ್ಲ. ಎದುರು ಮನೆಯ ಆಂಟಿ ಮೇಲ್‌ಬಾಕ್ಸ್ ತೆರೆಯಲು ಬಂದವರು ಹಾಗೇ ನಿಂತು ನೋಡುತ್ತಿದ್ದರು.

ಕಿಟಕಿಯ ಮೇಲೆ ಒಂದು ಕ್ಯಾಮೆರಾ ಇತ್ತು. ರಿವರ್ಸ್ ತೆಗೆಯಲು ಅನುಕೂಲ ಅಂತ ಡೀಲರ್‌ನ ಕಡೆಯವರೇ ಬೇರೆ ದುಡ್ಡು ತಗೊಂಡು ತೂತು ಕೊರೆದು ಕೂರಿಸಿದ್ದು. ಅದರ ಸ್ಕ್ರೂಗಳ ಮೇಲೆ ನೀಲಿ ಬಿಟ್ಟೆ.

"ಬಂತು! ಬಂತು ಕಣೇ!" ಒಳಗಿನಿಂದ ಇವರ ಕೂಗು. ಲಾಟರಿ ಹೊಡೆದವರ ಸಂಭ್ರಮ. ಹೋಗಿ ನೋಡಿದರೆ ಗೋಡೆಯ ಅಂಚಿನಿಂದ ನೀಲಿ ಎಳೆಯೊಂದು ನಿಧಾನವಾಗಿ ಇಳಿದು ಟವೆಲ್ಲಿನ ಮೇಲೆ ಹರಡುತ್ತಿತ್ತು. ನೋಡಿ ನನಗೆ ಖುಷಿಯಾಗಲಿಲ್ಲ. ಅಲ್ಯೂಮಿನಿಯಂ ಮೈಗೆ ತೂತು ಕೊರೆದವನು ನೀರು ತಡೆಯುವ ಸೀಲೆಂಟ್ ಒಂದಿಷ್ಟು ಹಚ್ಚಲು ಬೇಸರಪಟ್ಟಿದ್ದ. ಅದಕ್ಕೆ ನನ್ನ ಅನ್ನ ಹೊಣೆ!

ಈ ಸಲ ಡೀಲರ್ ಹತ್ತಿರ ಒಬ್ಬಳೇ ಹೋದೆ. ಕೌಂಟರಿನ ಮೇಲೆ ನೀಲಿ ಟವೆಲ್ ಹರಡಿ, ಫೋನಿನಲ್ಲಿ ವಿಡಿಯೊ ತೋರಿಸಿದೆ. ಮ್ಯಾನೇಜರ್ ನನ್ನ ಹೆಗಲಾಚೆ ನೋಡಿ, ನಿಮ್ಮ ಹಸ್ಬೆಂಡ್ ಬರುತ್ತಾರಾ ಅಂತ ಕೇಳಿದ.

"ಅವರು ಆಫೀಸಿನಲ್ಲಿದ್ದಾರೆ. ಟ್ರೇಲರ್ ನನ್ನದು" ಅಂದೆ.

ಅವನು ಟವೆಲ್ಲನ್ನು ಸ್ವಲ್ಪ ಹೊತ್ತು ನೋಡಿ, ನೀವು ಬಣ್ಣ ಹಾಕಿರುವುದರಿಂದ ಹಲಗೆಗೆ ಆಗಿರುವ ಕಲೆಯನ್ನು ಗ್ರಾಹಕರು ಮಾಡಿದ ಡ್ಯಾಮೇಜ್ ಅಂತ ಬರೆಯಬೇಕಾಗುತ್ತದೆ, ವಾರಂಟಿಗೆ ತೊಂದರೆಯಾಗಬಹುದು ಅಂದ.

ನಾನು ಕೂಗಾಡಲಿಲ್ಲ. ಲ್ಯಾಬಿನಲ್ಲಿ ಮಾತಾಡುವ ಧ್ವನಿಯಲ್ಲೇ ಮಾತಾಡಿದೆ, ಆದರೆ ಕಾಯುತ್ತ ಕೂತಿದ್ದ ಗಿರಾಕಿಗಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಹಾಗಾದರೆ ಅದನ್ನೇ ಬರೆದುಕೊಡಿ ಅಂದೆ. ನೀವು ಕೊರೆದ ತೂತಿನಿಂದ ಹೊರಗಿನ ನೀರು ಒಳಗೆ ಬಂದದ್ದಕ್ಕೆ ನಾನು ಬೇಯಿಸದೆ ಇದ್ದ ಅನ್ನ ಕಾರಣ ಅಂತ ಬರೆದು, ಕೆಳಗೆ ಸಹಿ ಮಾಡಿ. ನಾನು ಅದನ್ನು ತೆಗೆದುಕೊಂಡು ಹೋಗುತ್ತೇನೆ. ಕುರ್ಚಿಯಲ್ಲಿದ್ದ ಒಬ್ಬ ಮನುಷ್ಯ ಪತ್ರಿಕೆ ಕೆಳಗಿಟ್ಟ. ಮ್ಯಾನೇಜರ್ ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬಂದು, ಎಲ್ಲವನ್ನೂ ವಾರಂಟಿಯಲ್ಲೇ ರಿಪೇರಿ ಮಾಡುತ್ತೇವೆ ಅಂದ. ಸಾರಿ ಅನ್ನಲಿಲ್ಲ.

ರಿಪೇರಿಗೆ ಬೇಸಿಗೆಯೆಲ್ಲ ಹೋಯಿತು. ಪಾರ್ಟ್ಸ್ ಬಂದಿಲ್ಲ, ಟೆಕ್ನೀಷಿಯನ್ ರಜೆಯಲ್ಲಿದ್ದಾನೆ, ಮುಂದಿನ ವಾರ. ಕೊನೆಗೆ ಮನೆಗೆ ತಂದಾಗ ಮರಗಳ ಎಲೆ ಉದುರಿ, ಕ್ಯಾಂಪ್‌ಗ್ರೌಂಡ್‌ಗಳು ಬಾಗಿಲು ಹಾಕಿದ್ದವು.

ದೀಪಾವಳಿ ಊಟಕ್ಕೆ ಗೆಳೆಯರ ಮನೆಗೆ ಹೋಗಿದ್ದೆವು. ಬೇಸ್‌ಮೆಂಟಿನಲ್ಲಿ ಹೋಮ್ ಥಿಯೇಟರ್, ಒರಗಿ ಮಲಗುವ ಚರ್ಮದ ಸೋಫಾಗಳು, ಮೂರ್ನಾಲ್ಕು ಮನೆಯವರು. ತಟ್ಟೆಗೆ ಹೋಳಿಗೆ ಬೀಳುವ ಹೊತ್ತಿಗೆ ಅವರು ಶುರು ಮಾಡಿದರು.

"ಏನ್ರೀ ವೈನಿ, ಈಗರೆ ಹೇಳ್ರಿ. ವರ್ತ್ ಅದ ಏನು?"

"ಇಲ್ಲ" ಅಂದೆ.

ಅವರು ಇದನ್ನು ನಿರೀಕ್ಷಿಸಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

"ವರ್ತ್ ಇಲ್ಲ. ನಿಮ್ಮ ಡಬ್ಬಿಯಲ್ಲಿರೋ ಒಲೆನೇ ನಮ್ಮದರಲ್ಲೂ ಇರೋದು. ಅದೇ ನೀರಿನ ಟ್ಯಾಂಕು, ಅದೇ ಟಾಯ್ಲೆಟ್ ವಾಸನೆ. ಎರಡರಷ್ಟು ದುಡ್ಡು ಕೊಟ್ರೂ ಒಂದು ಸ್ಕ್ರೂಗೆ ಸರಿಯಾಗಿ ಸೀಲೆಂಟ್ ಹಾಕಿ ಕೊಡಲಿಲ್ಲ. ಸಾಕಾ? ಈಗ ನೀವು ಹೇಳಿ. ಈ ಥಿಯೇಟರಿನಲ್ಲಿ ವರ್ಷಕ್ಕೆ ಎಷ್ಟು ಸಿನಿಮಾ ನೋಡ್ತೀರಿ? ಇದು ವರ್ತಾ? ಆ ಸೋಫಾದಲ್ಲಿ ಕೂತವರ ಕೈಯಲ್ಲಿರೋ ವಾಚು ವರ್ತಾ? ಫೋನಿಗಿಂತ ಸರಿಯಾಗಿ ಟೈಮ್ ತೋರಿಸುತ್ತಾ? ನಿಮ್ಮನ್ನ ಯಾರಾದ್ರೂ ಒಂದು ಸಲ ಕೇಳಿದ್ದಾರಾ? ನಾನು ಒಂದೇ ಒಂದು ವಸ್ತು ಇಷ್ಟಪಟ್ಟು ತಗೊಂಡೆ. ಅದಕ್ಕೆ ಇಡೀ ನ್ಯೂಜರ್ಸಿಗೆ ಲೆಕ್ಕ ಒಪ್ಪಿಸಬೇಕು!"

ಯಾರೋ "ಹೋಳಿಗೆಗೆ ತುಪ್ಪ ಹಾಕ್ಕೊಳ್ಳಿ" ಅಂದರು. ಗೆಳೆಯರು ರಿಮೋಟ್ ಹುಡುಕತೊಡಗಿದರು.

ಮನೆಗೆ ಬರುವಾಗ ಇವರು, "ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು" ಅಂದರು.

"ಆ ಡೀಲರ್ ಮುಂದೆ ನೀವು ತಲೆ ಆಡಿಸಬಾರದಿತ್ತು."

ಎರಡು ಸಿಗ್ನಲ್ ದಾಟಿದ ಮೇಲೆ ಇವರು ಮೆಲ್ಲಗೆ, "ಹೌದು, ಅದು ನಂದೇ ತಪ್ಪು" ಅಂದರು. ಸಿಟ್ಟು ಇಳಿಯಲಿಲ್ಲ. ಆದರೂ ಆ ಮಾತು ಕೇಳಿದ್ದು ಒಳ್ಳೆಯದಾಯಿತು.

ಏಪ್ರಿಲಿನಲ್ಲಿ ಗೆಳೆಯರ ಹೆಂಡತಿ ಫೋನ್ ಮಾಡಿದರು. ದೀಪಾವಳಿಯ ನಂತರ ನಾವು ಮಾತಾಡಿರಲಿಲ್ಲ. "ಅಕ್ಕಾರ, ನಿಮ್ಮ ಟ್ರೇಲರಿನ್ಯಾಗ ನನ್ನ ಒಂದು ಸಲ ಕರಕೊಂಡು ಹೋಗ್ರಿ. ಇವರು ಬ್ಯಾಡ. ಇವರು ಬಂದ್ರ ಭಜಿ ಕರಿಯೂದರಾಗ ನನ್ನ ಟ್ರಿಪ್ ಮುಗೀತದ" ಅಂದರು.

ಒಂದು ಬುಧವಾರ ಇಬ್ಬರೇ ಉತ್ತರ ಜರ್ಸಿಯ ಗುಡ್ಡಗಳ ಕಡೆ, ಕೆರೆಯ ಪಕ್ಕದ ಒಂದು ಪಾರ್ಕಿಗೆ ಹೋದೆವು. ಒಳಗೆ ಹತ್ತಿದವರೇ ಎಲ್ಲ ಕಪಾಟಿನ ಬಾಗಿಲು ತೆಗೆದು ನೋಡಿದರು, ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ ನೋಡಿದರು.

"ಇಷ್ಟ ಏನ್ರೀ? ಇಷ್ಟು ರೊಕ್ಕಕ್ಕ ಇಷ್ಟ ಜಾಗಾ? ನಮ್ಮ ಡಬ್ಬಿಯೊಳಗ ಇದಕ್ಕಿಂತ ಹೆಚ್ಚದ."

ಇವರೂ ಗಂಡನ ಹಾಗೆಯೇ ಅಂದುಕೊಂಡೆ. ಆದರೆ ಅವರು ಮಲಗಿದಲ್ಲಿಂದ ಏಳಲಿಲ್ಲ. ಸುತ್ತಲಿನ ಕಿಟಕಿಗಳಲ್ಲಿ ಕೆರೆ ಕಾಣುತ್ತಿತ್ತು. "ಕಿಟಕಿ ಭಾಳ ಛಲೋ ಅವ ಅಕ್ಕಾರ. ಅಡಿಗಿ ನಾಳೆ ಮಾಡೋಣ, ಇವತ್ತ ಬ್ರೆಡ್ ತಿನ್ನೋಣ" ಅಂದು ಕಣ್ಣು ಮುಚ್ಚಿಕೊಂಡರು. ಸಂಜೆಯವರೆಗೆ ಗೊರಕೆ ಹೊಡೆದರು.

ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಟ್ಟಿದ್ದರು. ನಾನು ಮೇಲಿನ ಕಪಾಟು ತೆಗೆಯಲು ಹೋದರೆ ಬಾಗಿಲಿನ ಚಿಲಕ ಕಿತ್ತು ಕೈಗೆ ಬಂತು. ಅವಲಕ್ಕಿಯ ಸ್ಟೀಲ್ ಡಬ್ಬ ಉರುಳಿ ನೆಲವೆಲ್ಲ ಅವಲಕ್ಕಿ. ಅವರು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ನಾನು ಚಿಲಕದ ಫೋಟೊ ತೆಗೆದು, ಅಲ್ಲೇ ನಿಂತು ಡೀಲರ್‌ಗೆ ಇಮೇಲ್ ಟೈಪ್ ಮಾಡತೊಡಗಿದೆ.

"ಅಕ್ಕಾರ, ಮೊದಲ ಚಾ ಕುಡೀರಿ, ಆಮ್ಯಾಲೆ ಬೈಯ್ರಿ" ಅಂತ ಅವರು ಲೋಟ ಮುಂದೆ ಹಿಡಿದರು.

ನಾನು ಮೊದಲು ಬೈದೆ, ಆಮೇಲೆ ಕುಡಿದೆ.