ಬಾನೆಟ್ಟು ಒರೆಸಿದ ಕೈ

ಗಾಡಿಯ ಬಣ್ಣ ಮೊದಲು ಹೋದದ್ದು ನೆತ್ತಿಯಲ್ಲಿ, ಗಂಡಸಿನ ಕೂದಲು ಹೋಗುವ ಹಾಗೆ. ಆಮೇಲೆ ಬಾನೆಟ್ಟು, ಆಮೇಲೆ ಬಾಗಿಲುಗಳ ಮೇಲಂಚು. ಒಂದು ಕಾಲಕ್ಕೆ ಕಡುನೀಲಿಯಾಗಿದ್ದದ್ದು ಒಗೆದು ಒಗೆದು ಸವೆದ ಚಡ್ಡಿಯ ಬಣ್ಣಕ್ಕೆ ತಿರುಗಿತ್ತು. ಮೇಲಿನ ಪದರ ಹಾವಿನ ಪೊರೆಯಂತೆ ಎದ್ದು, ಓಡುವಾಗ ಗಾಳಿಗೆ ಪಟಪಟ ಎನ್ನುತ್ತಿತ್ತು. ಆದರೆ ಎಂಜಿನ್ನು ಗಟ್ಟಿ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಹಳೆಯ ಗಾಡಿ ಅದು. ಹಿಂದೆ ಸಾಮಾನು ತುಂಬುವ ತೆರೆದ ತೊಟ್ಟಿ, ಮುಂದೆ ಮೂವರು ಒತ್ತೊತ್ತಾಗಿ ಕೂರುವ ಸೀಟು. ಗುಡ್ಡದ ಮೇಲಿನ ಕಲ್ಲುಗಣಿಗೂ ಮೊಬೈಲ್ ಟವರಿಗೂ ಸಾಮಾನು ಹೋಗಬೇಕೆಂದರೆ ಊರಿನ ಹೊಳೆಯುವ ಗಾಡಿಗಳೆಲ್ಲ ಮೊದಲ ಏರಿನಲ್ಲೇ ಏದುಸಿರು ಬಿಡುತ್ತಿದ್ದವು. ಇದೊಂದು ಮಾತ್ರ ಗೊಣಗುತ್ತ, ಕೆಮ್ಮುತ್ತ, ಕೆಸರಿನಲ್ಲಿ ಕಾಲೂರಿ ಹತ್ತುತ್ತಿತ್ತು.

ಅದರ ಒಡೆಯನನ್ನು ಬಾಡಿಗೆ ಗಾಡಿಗಳ ಸ್ಟ್ಯಾಂಡಿನವರು ಎದುರಿಗೆ ಅಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಕುಕ್ಕರ್. ಯಾವ ಗಳಿಗೆಯಲ್ಲಿ ಸೀಟಿ ಹೊಡೆಯುತ್ತಾನೋ ಹೇಳಲಾಗದು ಎಂದು ಆ ಹೆಸರು. ಅವನಿಗೂ ಅದು ಗೊತ್ತಿತ್ತು. ಕೇಳಿ ಜಗಳ ತೆಗೆದರೆ ಹೆಸರು ಖಾಯಂ ಆದೀತೆಂದು ಗೊತ್ತಿಲ್ಲದವನ ಹಾಗೆ ಇದ್ದ.

ದಿನಾ ಬೆಳಿಗ್ಗೆ ಅವನ ಮೊದಲ ಕೆಲಸ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಗಾಡಿ ಒರೆಸುವುದು. ಹಳೆಯ ಡ್ರೈವರುಗಳೆಲ್ಲ ಮಾಡುತ್ತಿದ್ದದ್ದೇ. ಒರೆಸಿದ ಗಳಿಗೆಯಲ್ಲಿ ಮಂಕು ಬಣ್ಣಕ್ಕೆ ಜೀವ ಬಂದು ಫಳಫಳ ಹೊಳೆಯುತ್ತದೆ. ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ದಾರಿಯ ಧೂಳೆಲ್ಲ ಅದಕ್ಕೆ ಅಂಟಿ ಮೊದಲಿಗಿಂತ ಕಡೆಯಾಗುತ್ತದೆ. ಆದರೂ ಬಿಡಲಾಗದು. ಆ ಬಟ್ಟೆ ಅವನ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಬಾಲದಂತೆ ನೇತಾಡುತ್ತಲೇ ಇರುತ್ತಿತ್ತು.

ಬಣ್ಣ ಹೊಡೆಸುವ ಮಾತು ಬಂದದ್ದು ಒಂದು ಅವಮಾನದಿಂದ. ಹೊಸದಾಗಿ ತೆರೆದ ದೊಡ್ಡ ಅಂಗಡಿಗೆ ಫ್ರಿಜ್ಜುಗಳನ್ನು ಹೇರಿಕೊಂಡು ಹೋಗಿ ಮುಂದಿನ ಗೇಟಿನಲ್ಲಿ ನಿಲ್ಲಿಸಿದ್ದ. ಕಾವಲಿನವನು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಗುಜರಿ ಎತ್ತುವ ಗಾಡಿಗಳೆಲ್ಲ ಹಿಂದಿನ ಗೇಟಿಗೆ ಎಂದುಬಿಟ್ಟ. ಕುಕ್ಕರ್ ಅಲ್ಲೇ ಸೀಟಿ ಹೊಡೆದ. ಕಾವಲಿನವನ ತಾತ ಮುತ್ತಾತಂದಿರೆಲ್ಲ ಎದ್ದು ಬಂದು ಬೈಸಿಕೊಂಡು ಹೋದರು. ಆದರೆ ಮನೆಗೆ ಬಂದಾಗ ಅವನ ಮುಖ ಸಪ್ಪಗಿತ್ತು. ಹೆಂಡತಿ ಕೇಳಿ ಕೇಳಿ ವಿಷಯ ಹೊರಡಿಸಿದಳು.

"ಊರಿಗೆಲ್ಲ ಬಣ್ಣ ಹೊಡೆಯೋ ತಮ್ಮ ಇದ್ದಾನೆ ನಂಗೆ," ಎಂದಳು. "ನೀವು ನೋಡಿದ್ರೆ ಕಂಡವರ ಹತ್ರ ಗುಜರಿ ಅನ್ನಿಸ್ಕೊಂಡು ಬರ್ತೀರಿ."

ತಮ್ಮನ ಶೆಡ್ಡು ಮುಖ್ಯರಸ್ತೆಯ ಬದಿಗೇ ಇತ್ತು. ತಗಡಿನ ಮಾಡು, ಮೂರು ಕಡೆ ಗೋಡೆ, ಮುಂದೆ ಬಟಾಬಯಲು. ಮಾತು ಕಡಿಮೆ, ಕೆಲಸ ನಿಧಾನ, ಆದರೆ ಹೊಡೆದ ಬಣ್ಣದಲ್ಲಿ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದು ಎಂದು ಜನ ಹೇಳುತ್ತಿದ್ದರು. ಆಗಷ್ಟೇ ಅವನಿಗೆ ಆಸ್ಪತ್ರೆಯ ಆಂಬುಲೆನ್ಸುಗಳ ಕೆಲಸ ಸಿಗುವ ಹಾಗಿತ್ತು. ಆಸ್ಪತ್ರೆಯ ಗಾಡಿಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕ ಆಗಾಗ ಬಂದು ಶೆಡ್ಡಿನ ಕೆಲಸವನ್ನು ಕಣ್ಣಲ್ಲೇ ಅಳೆದು ಹೋಗುತ್ತಿದ್ದ. ಅದೊಂದು ಕೈಗೆ ಬಂದರೆ ವರ್ಷವಿಡೀ ಕೆಲಸ, ಶೆಡ್ಡಿಗೂ ಒಂದು ಹೆಸರು.

ಪೇಂಟರು ಅಕ್ಕನ ಗಂಡನ ಗಾಡಿಯ ಸುತ್ತ ಒಂದು ಸುತ್ತು ಬಂದ. ಬೆರಳಿನಿಂದ ಬಾನೆಟ್ಟು ಮುಟ್ಟಿ, ಮೂಸಿ, ಮುಖ ಕಿವುಚಿದ.

"ತಗಡು ಎಣ್ಣೆ ಕುಡಿದಿದ್ರೆ ಬಣ್ಣ ಹಿಡಿಯಲ್ಲ ಭಾವ. ನಾನು ತೊಳೆದು ತೆಗೀತೀನಿ. ಆದ್ರೆ ಇವತ್ತಿಂದ ನಿಮ್ಮ ಬಟ್ಟೆ ಇದನ್ನ ಮುಟ್ಟಬಾರದು."

ಆಯ್ತಪ್ಪ ಮಾರಾಯ, ಎಂದು ಭಾವ ನಕ್ಕ. ಪೇಂಟರು ಎದ್ದ ಪದರವನ್ನೆಲ್ಲ ಕೆರೆದ, ಥಿನ್ನರಿನಿಂದ ತೊಳೆದ, ತುಕ್ಕು ಹತ್ತಿದ ಕಡೆ ತಗಡು ಬೆಳ್ಳಗಾಗುವ ತನಕ ಉಜ್ಜಿದ. ಗಾಜಿಗೂ ದೀಪಕ್ಕೂ ಪೇಪರ್ ಅಂಟಿಸಿ, ಬಣ್ಣಕ್ಕೆ ಮೊದಲು ಹಿಡಿಸುವ ಬೂದು ಪ್ರೈಮರ್ ಹೊಡೆದು ಒಣಗಲು ಬಿಟ್ಟ.

ಗಾಡಿಯಿಲ್ಲದೆ ಕುಕ್ಕರಿಗೆ ಕೈಕಾಲೇ ಆಡದು. ಶೆಡ್ಡಿಗೆ ಬಂದು ನಿಲ್ಲುವನು, ಅದು ಇದು ಕೇಳುವನು, ಪೇಂಟರು ಹೂಂ ಎನ್ನುವನು. ಬಣ್ಣ ಹೊಡೆಯುವ ದಿನವೂ ಬಂದ. ಊಟದ ಹೊತ್ತು, ಪೇಂಟರು ಮನೆಗೆ ಹೋಗಿದ್ದ. ಗಾಡಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ರೋಗಿಯ ಹಾಗೆ ಬೂದುಬೂದಾಗಿ ಕೂತಿತ್ತು. ರಸ್ತೆಯಲ್ಲಿ ಲಾರಿಯೊಂದು ಹೋಗಿ ಎಬ್ಬಿಸಿದ ಧೂಳು ತೆಳ್ಳಗೆ ಬಂದು ಬಾನೆಟ್ಟಿನ ಮೇಲೆ ಕೂತಿತು. ಫೋಟೋಕ್ಕೆ ನಿಲ್ಲಿಸಿದ ಮಗುವಿನ ಮೂಗಿನಲ್ಲಿ ಸಿಂಬಳ ಕಂಡರೆ ತಾಯಿಯ ಕೈ ಸುಮ್ಮನಿದ್ದೀತೇ? ಅವನ ಕೈ ತಾನಾಗಿ ಹಿಂದಿನ ಜೇಬಿಗೆ ಹೋಯಿತು. ಗುಂಡಗೆ, ಗುಂಡಗೆ ಒರೆಸಿದ. ಧೂಳು ಹೋಯಿತು. ಬಟ್ಟೆಯನ್ನು ಮತ್ತೆ ಜೇಬಿಗೆ ತುರುಕಿಕೊಂಡು ಚಹಾ ಕುಡಿಯಲು ಹೋದ.

ಬಣ್ಣ ಹೊಡೆಯುವಾಗ ಬಾನೆಟ್ಟಿನ ಮೇಲೆ ಅಲ್ಲಲ್ಲಿ ಮೀನಿನ ಕಣ್ಣಿನಂಥ ಸಣ್ಣ ಗುಳಿ ಎದ್ದವು. ಪೇಂಟರು ನಿಂತು ಯೋಚಿಸಿದ. ಯಾರಾದ್ರೂ ಮುಟ್ಟಿದ್ರಾ ಭಾವ, ಎಂದು ಕೇಳಿದ. ಯಾರು ಮುಟ್ತಾರೆ, ಎಂದ ಭಾವ. ಅವನು ಸುಳ್ಳು ಹೇಳಲಿಲ್ಲ. ಒರೆಸುವುದನ್ನು ಅವನು ಮುಟ್ಟುವುದೆಂದು ಎಣಿಸಿಯೇ ಇರಲಿಲ್ಲ. ಪೇಂಟರು ಗುಳಿಗಳನ್ನು ಉಜ್ಜಿ ಮೇಲೊಂದು ಕೈ ಹೆಚ್ಚಿಗೆ ಹೊಡೆದ.

ಮಳೆ ಶುರುವಾಗುವ ತನಕ ಸ್ಟ್ಯಾಂಡಿನಲ್ಲಿ ಅವನದೇ ದರ್ಬಾರು. ದೊಡ್ಡ ಅಂಗಡಿಯ ಮುಂದಿನ ಗೇಟಿನ ಎದುರು ಕೆಲಸವಿಲ್ಲದಿದ್ದರೂ ಗಾಡಿ ನಿಧಾನ ಮಾಡಿ ಹಾರ್ನು ಹೊಡೆದು ಹೋಗುತ್ತಿದ್ದ. ಟಯರಿನ ಅಂಗಡಿಯವನು, ಅಣ್ಣ, ಗಾಡಿ ಮದುಮಗ ಆಯ್ತು, ಇನ್ನು ನಿನಗೇ ಬಣ್ಣ ಹೊಡೆಸಬೇಕು ಎಂದರೆ ಅದಕ್ಕೂ ನಕ್ಕಿದ್ದ.

ಆಮೇಲೆ ಮಳೆ ಬಂತು. ಗುಡ್ಡದ ಮೇಲೆ ಎರಡು ವಾರ ನೆನೆದು, ಮೂರನೆಯ ವಾರದ ಬಿಸಿಲಿಗೆ ಬಾನೆಟ್ಟಿನ ಮೇಲೆ ಗುಳ್ಳೆ ಎದ್ದವು. ಉಗುರು ತಾಗಿಸಿದರೆ ನೀಲಿಯ ಹಾಳೆ ಹಾಳೆಯೇ ಎದ್ದು ಬಂತು. ಅವನ ಕಣ್ಣಿಗೆ ಕತ್ತಲೆ ಕವಿಯಿತು. ಗಾಡಿ ತಿರುಗಿಸಿ ನೇರ ಶೆಡ್ಡಿಗೆ ಬಿಟ್ಟ.

ಅಲ್ಲಿ ಐದಾರು ಜನ ಇದ್ದರು. ಆಸ್ಪತ್ರೆಯ ಮೇಲ್ವಿಚಾರಕನೂ ಇದ್ದ. ಅವನ ಹಿಂದೆ ಒಂದು ಆಂಬುಲೆನ್ಸು ಕೂಡ ನಿಂತಿತ್ತು. ಅದು ಕುಕ್ಕರಿಗೆ ಕಾಣಲಿಲ್ಲವೆಂದಲ್ಲ. ಕಂಡಿತು. ಕಂಡದ್ದಕ್ಕೇ ದನಿ ಇನ್ನಷ್ಟು ಏರಿತು.

"ಗಾಡಿಗಲ್ಲ, ಗೋಡೆಗೆ ಸುಣ್ಣ ಬಳಿಯೋಕೂ ಲಾಯಕ್ಕಿಲ್ಲ ನೀನು. ಅಕ್ಕನ ಗಂಡನ ಗಾಡಿಗೇ ಹಿಂಗೆ ಮಾಡ್ದೋನು ಬೇರೆಯವರದ್ದಕ್ಕೆ ಇನ್ನೇನು ಮಾಡಿರಲ್ಲ? ಇವನ ಬಣ್ಣಕ್ಕೆ ಬಿಸಿಲು ತೋರಿಸಬೇಡ್ರಪ್ಪ, ನಾಚ್ಕೊಂಡು ಎದ್ದು ಹೋಗುತ್ತೆ."

ಯಾರೋ ನಕ್ಕರು. ಪೇಂಟರು ಬಾನೆಟ್ಟನ್ನು ನೋಡಿ, ಬಾಗಿಲಿಗೆ, ತೊಟ್ಟಿಗೆ, ನೆತ್ತಿಗೆ ಏನೂ ಆಗಿಲ್ಲವಲ್ಲ, ಇಲ್ಲಿ ಮಾತ್ರ ಯಾಕೆ ಭಾವ ಎಂದು ಮೆಲ್ಲಗೆ ಕೇಳಿದ. ಕೇಳಿಸಿಕೊಳ್ಳುವ ಕಿವಿ ಅಲ್ಲಿ ಇರಲಿಲ್ಲ. ಬೈಗಳು ಮುಗಿಯುವ ಮೊದಲೇ ಮೇಲ್ವಿಚಾರಕ ಕೈಗಡಿಯಾರ ನೋಡಿಕೊಂಡು ಡ್ರೈವರಿಗೆ ಸನ್ನೆ ಮಾಡಿದ. ಆಂಬುಲೆನ್ಸು ಹಿಂದಕ್ಕೆ ಸರಿದು, ತಿರುಗಿ, ಹೊರಟುಹೋಯಿತು.

ಕುಕ್ಕರ್ ಗೆದ್ದವನ ಹಾಗೆ ಮನೆಗೆ ಬಂದ. ಗಾಡಿಯನ್ನು ಅಡುಗೆಮನೆಯ ಕಿಟಕಿಯ ಎದುರು ಎಂದಿನ ಜಾಗದಲ್ಲಿ ನಿಲ್ಲಿಸಿ, ನಿನ್ನ ತಮ್ಮನ ಘನಕಾರ್ಯ ನೋಡು ಬಾ ಎಂದು ಹೆಂಡತಿಯನ್ನು ಕರೆದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಮೆಟ್ಟಿಲ ಮೇಲೆ ನಿಂತಳು. ಬಹಳ ಹೊತ್ತು ನೋಡಿದಳು. ಬಣ್ಣ ಎದ್ದದ್ದು ಎಲ್ಲೆಂದರಲ್ಲಿ ಅಲ್ಲ. ಎಡದೀಪದ ಮೇಲಿಂದ ಶುರುವಾಗಿ, ಒಂದರ ಪಕ್ಕ ಒಂದು ಅರ್ಧಚಂದ್ರದಂತೆ ಬಾಗುತ್ತ ಹೋಗಿ, ನಡುವಿನಲ್ಲಿ, ಮನುಷ್ಯನ ತೋಳು ಎಟುಕುವುದು ಮುಗಿಯುವಲ್ಲಿ, ನಿಂತಿತ್ತು. ಅದರಾಚೆಯ ಅರ್ಧ ಬಾನೆಟ್ಟು ಕನ್ನಡಿಯಂತಿತ್ತು.

"ಇದು ನಿಮ್ಮ ಕೈ," ಎಂದಳು. "ಮದುವೆಯಾದಾಗಿಂದ ಆ ಕಿಟಕೀಲಿ ನಿಂತು ನೋಡಿದೀನಿ. ಹಿಂಗೇ ಒರೆಸೋದು ನೀವು. ಯಾವಾಗ ಒರೆಸಿದ್ರಿ?"

 ಲಾರಿ, ಧೂಳು, ಹಿಂದಿನ ಜೇಬು ಎಲ್ಲ ಒಟ್ಟಿಗೇ ಅವನ ನೆನಪಿಗೆ ಬಂದವು.  ಅವಳು ಉತ್ತರಕ್ಕೆ ಕಾಯಲಿಲ್ಲ, ಒಳಗೆ ಹೋದಳು. ಒಂದು ಮಾತು ಬೈದಿದ್ದರೆ ಅವನೂ ಬೈದು ಹಗುರಾಗುತ್ತಿದ್ದ. ಅವಳು ಅನ್ನ ಬಡಿಸಿ, ನೀರಿಟ್ಟು, ಎದುರಿಗೆ ಕೂರದೆ ಹಿತ್ತಿಲಿಗೆ ಹೋದಳು. 

ಮರುದಿನದಿಂದ ಅವನು ಬಾನೆಟ್ಟಿನ ಮೇಲೆ ಟಾರ್ಪಾಲಿನ ತುಂಡು ಕಟ್ಟಿಕೊಂಡು ಗಾಡಿ ಓಡಿಸಿದ. ಕೇಳಿದವರಿಗೆ ಮಳೆ ಎಂದ. ಶೆಡ್ಡು ಕಾಣದ ಹಿಂದಿನ ರಸ್ತೆಯಿಂದ ಗುಡ್ಡಕ್ಕೆ ಹೋದ. ಯಾರಿಗೂ ಗೊತ್ತಿಲ್ಲ, ಅವಳು ಹೇಳುವವಳಲ್ಲ, ನಾಲ್ಕು ದಿನಕ್ಕೆ ಜನ ಮರೆಯುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಜನ ಮರೆಯಲಿಲ್ಲ. ಸ್ಟ್ಯಾಂಡಿನಲ್ಲಿ ಯಾವನೋ ತನ್ನ ವ್ಯಾನಿಗೆ ಬಣ್ಣ ಹೊಡೆಸುವ ಮಾತೆತ್ತಿದಾಗ ಟಯರಿನವನು, ಆ ಶೆಡ್ಡಿಗೆ ಮಾತ್ರ ಹೋಗಬೇಡ, ಅವನ ಬಣ್ಣ ಬಿಸಿಲು ಕಂಡರೆ ನಾಚಿಕೊಂಡು ಎದ್ದು ಹೋಗುತ್ತೆ ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಲ್ವಾ ಅಣ್ಣ, ಎಂದು ಅವನ ಕಡೆ ತಿರುಗಿದರು. ತನ್ನ ಬಾಯಿಂದ ಬಿದ್ದ ಮಾತು ಕಂಡವರ ಬಾಯಲ್ಲಿ ಹಲ್ಲು ಕಿರಿಯುತ್ತಿದ್ದದ್ದನ್ನು ನೋಡಿ ಅವನ ಕಿವಿ ಬಿಸಿಯಾಯಿತು. ಅಲ್ಲ ಕಣ್ರೋ, ಅದು ನಾನು ಮಾಡಿದ್ದು ಎನ್ನಬೇಕು. ಅಷ್ಟೇ. ಊರು ಅದುರುವಂತೆ ಕೂಗುವ ಗಂಟಲಿನಿಂದ ಅಷ್ಟು ಮಾತು ಹೊರಡಲಿಲ್ಲ. ಹೂಂ ಎಂದುಬಿಟ್ಟ. ಹೂಂ ಎಂದದ್ದಕ್ಕೆ ತನ್ನ ಮೇಲೆ ತನಗೇ ಎಂಥ ಅಸಹ್ಯ ಬಂತೆಂದರೆ, ಹೇರಿದ ಸಾಮಾನನ್ನೂ ಇಳಿಸದೆ ಗಾಡಿ ಹತ್ತಿ ಆಸ್ಪತ್ರೆಗೆ ಹೋದ.

ಮೇಲ್ವಿಚಾರಕನ ಕೋಣೆಯಲ್ಲಿ ಕುರ್ಚಿ ಇದ್ದರೂ ಕೂರಲಿಲ್ಲ. ತಪ್ಪು ತನ್ನದೆಂದು, ಒರೆಸಿದ್ದು ತಾನೆಂದು ಒದರಿದ. ಆತ ಎಲ್ಲ ಕೇಳಿ, ಆಂಬುಲೆನ್ಸುಗಳನ್ನು ಬೇರೆ ಕಡೆಗೆ ಕೊಟ್ಟಾಯಿತಲ್ಲ ಎಂದ. ಆ ದಿನವೇ ಹೇಳಿದ್ದರೆ ಎಂದು ಶುರುಮಾಡಿ, ಅವನ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟ.

ಅಲ್ಲಿಂದ ಶೆಡ್ಡಿಗೆ ಹೋದ. ಪೇಂಟರು ಯಾರದೋ ಸ್ಕೂಟರಿಗೆ ಬಣ್ಣ ಹೊಡೆಯುತ್ತಿದ್ದ. ಗಾಳಿಯ ಕಂಪ್ರೆಸರ್ ಗುಡುಗುತ್ತಿತ್ತು. ಆ ಸದ್ದಿನಲ್ಲಿ ಕುಕ್ಕರ್ ಬೇಗಬೇಗ ಹೇಳಿ ಮುಗಿಸಿದ. ಕೇಳಿಸದಿದ್ದರೂ ಹೇಳಿದ್ದು ಹೇಳಿದ ಹಾಗೇ ಅಲ್ಲವೇ ಎಂಬ ಆಸೆ ಒಳಗೆಲ್ಲೋ ಇತ್ತು. ಪೇಂಟರು ಬಣ್ಣ ಹೊಡೆಯುವ ಗನ್ನು ಕೆಳಗಿಟ್ಟು, ಹೋಗಿ ಕಂಪ್ರೆಸರ್ ನಿಲ್ಲಿಸಿ ಬಂದ. ಏನಂದ್ರಿ, ಎಂದ. ಅವನು ಮತ್ತೊಮ್ಮೆ ಹೇಳಬೇಕಾಯಿತು. ಆಸ್ಪತ್ರೆಯವನ ಉತ್ತರವನ್ನೂ ಹೇಳಬೇಕಾಯಿತು. ಅದನ್ನು ಕೇಳುವಾಗ ಪೇಂಟರ ಕಣ್ಣು ಒಂದು ಸಲ ರಸ್ತೆಯ ಕಡೆ ಹೋಗಿ ಬಂತು.

"ನೀವು ಬೈದಿದ್ದು ರಸ್ತೆ ಆಚೆಗೂ ಕೇಳಿಸ್ತು ಭಾವ," ಎಂದ ಕೊನೆಗೆ. "ಇದು ನಂಗೊಬ್ಬನಿಗೆ ಕೇಳಿಸಿದ್ರೆ ಏನು ಬಂತು?"

 ಒಳಗಿಂದ ಉಜ್ಜುವ ಉಪ್ಪುಕಾಗದವನ್ನೂ ಒಂದು ಬಕೆಟ್ ನೀರನ್ನೂ ತಂದು ಗಾಡಿಯ ಪಕ್ಕ ಇಟ್ಟ. ಗಾಡಿಯನ್ನು ಮಾಡಿನ ಕೆಳಗಲ್ಲ, ಮುಂದೆ, ರಸ್ತೆಗೆ ಮುಖ ಮಾಡಿ ನಿಲ್ಲಿಸುವಂತೆ ಕೈಯಲ್ಲೇ ತೋರಿಸಿದ. ಕುಕ್ಕರ್ ಟಾರ್ಪಾಲಿನ ಗಂಟು ಬಿಚ್ಚಿದ.

ಅವನು ಉಜ್ಜತೊಡಗಿದ. ಬಸ್ಸಿನವರು ನೋಡಿದರು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವಳು ನಿಂತು ನೋಡಿದಳು. ಸ್ವಲ್ಪ ಹೊತ್ತಿಗೆ ಟಯರಿನವನು ಸೈಕಲ್ಲಿನಲ್ಲಿ ಬಂದು ಕಾಲೂರಿದ. ಇದೇನಣ್ಣ, ಪೇಂಟರು ಮಾಡಿದ ಪಾಪಕ್ಕೆ ನಿನಗೆ ಶಿಕ್ಷೆಯಾ, ಎಂದು ನಕ್ಕ. ಹಿಂದೆ ಸ್ಕೂಟರಿನ ಬಳಿ ಪೇಂಟರು ಬೆನ್ನು ತಿರುಗಿಸಿಕೊಂಡೇ ಇದ್ದ, ಆದರೆ ಕೈ ನಿಂತಿತ್ತು.

ಕುಕ್ಕರ್ ಒದ್ದೆ ಕೈಯನ್ನು ಬಾನೆಟ್ಟಿನ ಮೇಲಿಟ್ಟು, ತಲೆಯೆತ್ತದೆ, ಆದರೆ ರಸ್ತೆಯಾಚೆಗೆ ಮುಟ್ಟುವಷ್ಟು ಗಟ್ಟಿಯಾಗಿ ಹೇಳಿದ.

"ಅವನು ಬೇಡ ಅಂದಿದ್ದ. ಡೀಸೆಲ್ ಬಟ್ಟೇಲಿ ಒರೆಸಿದ್ದು ನಾನು. ಬೈದಿದ್ದೂ ನಾನೇ. ಹೋಗಿ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳು."

ಟಯರಿನವನ ನಗು ಇಳಿಯಿತು. ಅವನು ಸೈಕಲ್ಲಿನ ಗಂಟೆಯನ್ನು ಒಂದು ಸಲ ಒತ್ತಿ ಹೊರಟ. ಪೇಂಟರ ಕಂಪ್ರೆಸರ್ ಮತ್ತೆ ಶುರುವಾಯಿತು. ಉಜ್ಜುವುದು ಇನ್ನೂ ಬಹಳವಿತ್ತು, ರಸ್ತೆಯಲ್ಲಿ ಜನವೂ.